ಸಿಂಹಕ್ಕೆ ನಾಲಿಗೆ ಇದೆಯೋ ಇಲ್ಲವೋ

ಮಗಳು ಕಳಿಸಿದ ಪಟ್ಟಿಯಲ್ಲಿ ಮೂರು ಜಾತಿಯ ಜಾಗಗಳಿದ್ದವು. ಕೆಲವದರ ಮುಂದೆ ‘ಒಳಗಿನಿಂದ’, ಕೆಲವದರ ಮುಂದೆ ‘ಹೊರಗಿನಿಂದ’, ಉಳಿದದ್ದಕ್ಕೆಲ್ಲ ‘ಬಸ್ಸಿನಿಂದ’ ಎಂದು ಬರೆದಿತ್ತು. ಪ್ರಾಗ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್. ಎಂಟು ದಿನ, ಮೂರು ತರದ ದುಡ್ಡು, ಒಂದೇ ಬಸ್ಸು. ನಮ್ಮ ಮನೆಯವರು ಕನ್ನಡಕ ಏರಿಸಿ ಪಟ್ಟಿಯನ್ನು ಎರಡು ಸಲ ಓದಿ, “ಇದು ಒಂದೇ ದಿನ ನಾಲ್ಕು ಮದುವೆಗೆ ಹೋಗಿ ಮುಯ್ಯಿ ಕೊಟ್ಟು ಬಂದ ಹಾಗೆ ಕಣೆ. ಊಟ ಯಾವುದರಲ್ಲಿ ಅನ್ನೋದು ಮಾತ್ರ ಗೊತ್ತಿರಬೇಕು” ಅಂದರು.

ನಾನು ಹಾಸನದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಹೇಳಿಕೊಟ್ಟವಳು. ಇವರು ಕೆಇಬಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಇಲಾಖೆಯ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ನಮ್ಮೂರಲ್ಲಿ ಅದು ಇನ್ನೂ ಕೆಇಬಿಯೇ. ಪ್ರತಿ ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಮುಂದೆ ಕೊಡೆ ಎತ್ತಿ ಹಿಡಿದು, “ಬನ್ನಿ, ಬನ್ನಿ, ಹತ್ತೇ ನಿಮಿಷ” ಎನ್ನುತ್ತಿದ್ದವಳು. ಈ ಸಲ ಕೊಡೆಯ ಹಿಂದೆ ನಡೆಯುವ ಸರದಿ ನನ್ನದು.

ಮೊದಲ ದಿನ

ಬೆಂಗಳೂರಿನಿಂದ ರಾತ್ರಿ ಹೊರಟು, ದೋಹಾದಲ್ಲಿ ವಿಮಾನ ಬದಲಿಸಿ ಪ್ರಾಗ್‌ನಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ. ಸೆಪ್ಟೆಂಬರ್ ತಿಂಗಳು, ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು. ಗುಂಪಿನಲ್ಲಿ ಮೂವತ್ತೆಂಟು ಜನ: ಪುಣೆಯವರು, ಸೂರತ್‌ನವರು, ಇಂದೋರ್‌ನವರು. ಕನ್ನಡದವರು ನಾವಿಬ್ಬರೇ. ಇದರಲ್ಲೊಂದು ಅನುಕೂಲವೂ ಇತ್ತು. ಎಂಟು ದಿನ ಯಾರ ಬಗ್ಗೆ ಏನು ಬೇಕಾದರೂ ಜೋರಾಗಿಯೇ ಮಾತಾಡಿಕೊಂಡೆವು.

ಟೂರ್ ಮ್ಯಾನೇಜರ್ ಹುಡುಗ ಎಲ್ಲರ ಕೊರಳಿಗೂ ಒಂದೊಂದು ಪುಟ್ಟ ರೇಡಿಯೋ ಹಾಕಿದ. ಗೈಡ್ ಮೈಕಿನಲ್ಲಿ ಮಾತಾಡಿದರೆ ನಮ್ಮ ಕಿವಿಗೆ ಬರುತ್ತದೆ. ರಾತ್ರಿ ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಅವಲಕ್ಕಿಗೆ ಪುಳಿಯೋಗರೆ ಗೊಜ್ಜು ಕಲೆಸಿ ತಿಂದು ಮಲಗಿದೆವು.

ಎರಡನೆಯ ದಿನ, ಪ್ರಾಗ್

ಗೈಡ್ ಐವತ್ತು ದಾಟಿದ ಜೆಕ್ ಹೆಂಗಸು, ಕೈಯಲ್ಲಿ ಹಳದಿ ಕೊಡೆ. ಮೊದಲು ಗುಡ್ಡದ ಮೇಲಿನ ಕೋಟೆ. ಕೋಟೆಯೊಳಗೆ ಸಂತ ವೀಟಸ್‌ನ ದೊಡ್ಡ ಚರ್ಚು. ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಇವರು ಲೆಕ್ಕ ಹಾಕಿದರು: “ಐನೂರ ಎಂಬತ್ತೈದು ವರ್ಷ! ಇದನ್ನ ನೋಡಿದ ಮೇಲೆ ನಮ್ಮ ಕಡೆಯ ಯಾವ ಕಾಮಗಾರಿಯೂ ತಡ ಅಂತ ಅನ್ನಬಾರದು.”

ಇದನ್ನು ಕಟ್ಟಿಸಿದ ದೊರೆ ನಾಲ್ಕನೆಯ ಚಾರ್ಲ್ಸ್. ಕಟ್ಟಿದವರಲ್ಲಿ ಹೆಸರಾದವನು ಪೀಟರ್ ಪಾರ್ಲರ್ ಎಂಬ ಶಿಲ್ಪಿ, ಜರ್ಮನಿಯ ಕಡೆಯಿಂದ ಬಂದ ಹುಡುಗ. ಕಮಾನುಗಳ ಮೇಲಿನ ಓಣಿಯಂಥ ಜಾಗದಲ್ಲಿ ರಾಜ ರಾಣಿಯರ, ಬಿಷಪ್ಪರ ಎದೆಮಟ್ಟದ ವಿಗ್ರಹಗಳಿವೆಯಂತೆ. ಆ ಸಾಲಿನಲ್ಲೇ ಪಾರ್ಲರ್‌ನದೂ ಒಂದಿದೆಯಂತೆ. ಕೆಳಗಿನಿಂದ ಎಷ್ಟು ಕತ್ತು ಚಾಚಿದರೂ ಕಾಣಲಿಲ್ಲ. ಕಲ್ಲುಕುಟಿಗನೊಬ್ಬ ರಾಜನ ಪಕ್ಕದಲ್ಲಿ ತನ್ನ ಮುಖವನ್ನೂ ಇಟ್ಟುಕೊಂಡ ಎನ್ನುವುದು ನನಗೆ ಹಿಡಿಸಿತು. ಗೈಡಮ್ಮ ಅಷ್ಟರಲ್ಲಿ ಹೊರಗೆ ಹೋಗಿ, ಪಕ್ಕದ ಹಳೆಯ ಅರಮನೆಯ ಕಿಟಕಿಯ ಕಥೆ ಹೇಳತೊಡಗಿದ್ದರು. 1618ರಲ್ಲಿ ಪ್ರಾಟೆಸ್ಟೆಂಟರು ಸಿಟ್ಟಿಗೆದ್ದು ಚಕ್ರವರ್ತಿಯ ಕಡೆಯ ಮೂವರನ್ನು ಅಲ್ಲಿಂದ ಹೊರಕ್ಕೆಸೆದರು. ಮೂವರೂ ಬದುಕಿಕೊಂಡರು. ದೇವದೂತರು ಹಿಡಿದುಕೊಂಡರು ಅಂತ ಕ್ಯಾಥಲಿಕರು, ತಿಪ್ಪೆಯ ಮೇಲೆ ಬಿದ್ದರು ಅಂತ ಪ್ರಾಟೆಸ್ಟೆಂಟರು. ಅಲ್ಲಿಂದಾಚೆ ಯುರೋಪ್ ಮೂವತ್ತು ವರ್ಷ ಹೊಡೆದಾಡಿತು.

ಕೋಟೆಯಿಂದ ಇಳಿದರೆ ವ್ಲತಾವ ನದಿ, ಅದರ ಮೇಲೆ ಚಾರ್ಲ್ಸ್ ಸೇತುವೆ. 1357ರಲ್ಲಿ ಬುನಾದಿ ಹಾಕಿದ್ದು. ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದ, ಎರಡೂ ಬದಿಗೆ ಸೇರಿ ಮೂವತ್ತು ಸಂತರ ವಿಗ್ರಹಗಳು. ಗಾರೆ ಗಟ್ಟಿಯಾಗಲಿ ಎಂದು ರಾಜ್ಯದ ಊರೂರಿನಿಂದ ಕೋಳಿಮೊಟ್ಟೆ ತರಿಸಿದರಂತೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲಿ ಅಂತ ಬೇಯಿಸಿ ಕಳಿಸಿದರಂತೆ! ಗುಂಪು ಗೊಳ್ಳೆಂದು ನಕ್ಕಿತು. ನಾನು ಸುಮ್ಮನಿದ್ದೆ. ನಮ್ಮ ಕಡೆಯ ಎಷ್ಟು ಕೋಟೆ ಬತೇರಿಗಳ ಮುಂದೆ ನಿಂತು ‘ಸುಣ್ಣ, ಬೆಲ್ಲ, ಕೋಳಿಮೊಟ್ಟೆ ಕಲೆಸಿ ಕಟ್ಟಿದ್ದು’ ಅಂತ ನಾನೇ ಮಕ್ಕಳಿಗೆ ಹೇಳಿಲ್ಲ! ಮೊಟ್ಟೆ ಅಲ್ಲೂ ಇತ್ತು, ಇಲ್ಲೂ ಇತ್ತು. ಬೇಯಿಸಿ ಕಳಿಸಿದ ಊರೊಂದು ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ಸೇತುವೆಯ ನಡುವೆ ನೆಪೊಮುಕ್‌ನ ಯಾನ್ ಎಂಬ ಸಂತನ ವಿಗ್ರಹ. ಕೆಳಗಿನ ಕಂಚಿನ ಫಲಕ ಮುಟ್ಟಿ ಮುಟ್ಟಿ ಚಿನ್ನದಂತೆ ಹೊಳೆಯುತ್ತದೆ. ರಾಣಿ ಹೇಳಿಕೊಂಡ ಗುಟ್ಟನ್ನು ರಾಜನಿಗೆ ಬಿಟ್ಟುಕೊಡದ್ದಕ್ಕೆ 1393ರಲ್ಲಿ ಇವನನ್ನು ನದಿಗೆ ಎಸೆದರು ಎನ್ನುವುದು ಕಥೆ. ರಾಜನಿಗೂ ಆರ್ಚ್‌ಬಿಷಪ್ಪನಿಗೂ ಬಿದ್ದ ಅಧಿಕಾರದ ಜಗಳದಲ್ಲಿ ಸಿಕ್ಕಿಕೊಂಡು ಸತ್ತ ಎನ್ನುವುದು ಚರಿತ್ರೆ. ಎರಡನ್ನೂ ಗೈಡಮ್ಮನೇ ಹೇಳಿದರು. ಫಲಕ ಮುಟ್ಟುವವರ ಸಾಲು ಮಾತ್ರ ಮೊದಲನೆಯದನ್ನು ನಂಬಿದವರದು. ಇವರೂ ಮುಟ್ಟಿದರು. “ನಂಬಿಕೆ ಏನಿಲ್ಲ, ಅರ್ತಿಂಗ್ ಚೆಕ್ ಮಾಡಿದೆ” ಅಂದರು.

ಮೂರು ಗಂಟೆಗೆ ಸರಿಯಾಗಿ ಹಳೇ ಪೇಟೆಯ ಖಗೋಳ ಗಡಿಯಾರದ ಮುಂದೆ ನಿಂತೆವು. ಸೂರ್ಯ, ಚಂದ್ರ, ರಾಶಿಚಕ್ರ ಎಲ್ಲ ಒಂದೇ ಮುಖದ ಮೇಲೆ ತಿರುಗುತ್ತವೆ, ಗೋಡೆಗೆ ಹಾಕಿದ ಪಂಚಾಂಗ ಅನ್ನಿ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಮೇಲಿನ ಎರಡು ಕಿಟಕಿ ತೆರೆದು ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಇಣುಕಿ ಹೋಗುತ್ತಾರೆ, ಕೊನೆಗೆ ಚಿನ್ನದ ಹುಂಜ ಕೂಗುತ್ತದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಸುತ್ತ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರಿಂದ ನಾನು ಮುಂದಿನವರ ಮೊಬೈಲಿನಲ್ಲೇ ಶಿಷ್ಯರನ್ನು ನೋಡಿದೆ.

ಆಮೇಲೆ ಕಥೆ. ಹನುಶ್ ಎಂಬ ಕುಶಲಿ ಇದನ್ನು ಮಾಡಿದ. ಬೇರೆ ಯಾವ ಊರಿಗೂ ಇಂಥದ್ದನ್ನು ಮಾಡಿಕೊಡಬಾರದು ಅಂತ ಊರಿನ ಹಿರಿಯರು ಅವನ ಕಣ್ಣು ಕೀಳಿಸಿದರು. ಅವನು ತಡವರಿಸಿಕೊಂಡು ಗೋಪುರ ಹತ್ತಿ, ಹಲ್ಲುಗಾಲಿಗಳ ನಡುವೆ ಕೈಯಿಟ್ಟು ಗಡಿಯಾರ ನಿಲ್ಲಿಸಿದ. ಹೆಂಗಸರೆಲ್ಲ “ಅಯ್ಯೋ” ಎಂದರು. ಗೈಡಮ್ಮ ಕೊಡೆ ಇಳಿಸಿ, “ಇದು ಅಪ್ಪಟ ಸುಳ್ಳು. ಮಾಡಿದವನು ಕಡಾನ್ ಊರಿನ ಮಿಕುಲಾಶ್, 1410ರಲ್ಲಿ. ಲೆಕ್ಕ ಹಾಕಿಕೊಟ್ಟವನು ಯಾನ್ ಶಿಂಡೆಲ್ ಎಂಬ ಗಣಿತಜ್ಞ. ಯಾರ ಕಣ್ಣನ್ನೂ ಯಾರೂ ಕೀಳಲಿಲ್ಲ” ಅಂದರು.

ಹಾಗಾದರೆ ಸುಳ್ಳನ್ನು ಮೊದಲು ಹೇಳುವುದೇಕೆ ಅಂತ ನಾನು ಕೇಳಿಯೇಬಿಟ್ಟೆ. “ಮಿಕುಲಾಶ್ ಸಂಬಳ ತಗೊಂಡು ಮನೆಗೆ ಹೋದ ಅಂತ ಹೇಳಿದರೆ ನನಗೆ ಟಿಪ್ಸ್ ಬರುತ್ತದೆಯೇ?” ಎಂದು ನಕ್ಕರು.

ಇವರು ನನ್ನ ಕಡೆ ತಿರುಗಿದರು. “ಏನೇ, ಜಕಣಾಚಾರಿ ಕೈ ಕಡಿದುಕೊಂಡದ್ದನ್ನ ನೀನೆಷ್ಟು ಬ್ಯಾಚಿಗೆ ಹೇಳಿದೀಯ?”

ಮೂವತ್ತೊಂದು. ಗಂಧ ಲೇಪಿಸಿದಾಗ ವಿಗ್ರಹದ ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿದದ್ದು, ಹುಡುಗ ಡಂಕಣ ಉಳಿ ಇಟ್ಟಾಗ ಕಲ್ಲೊಳಗಿನ ನೀರಿನಿಂದ ಕಪ್ಪೆ ಹಾರಿದ್ದು, ತಂದೆ ಮಾತಿಗೆ ತಪ್ಪದೆ ಬಲಗೈ ಕಡಿದುಕೊಂಡದ್ದು, ಕೊನೆಗೆ ತುಮಕೂರು ಹತ್ತಿರದ ಕೈದಾಳದಲ್ಲಿ ಕೈ ಬಂದದ್ದು. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ನಿಜವಾದ ತಂದೆ ಮಕ್ಕಳ ಹೆಸರೇ ಕೊರೆದಿರುವುದು ನನಗೆ ಗೊತ್ತಿತ್ತು. ಅದನ್ನು ನಾನು ಕೊನೆಗೆ, ಬಸ್ಸು ಹತ್ತುವ ಗಡಿಬಿಡಿಯಲ್ಲಿ ಹೇಳುತ್ತಿದ್ದೆ. ಕೆಲವು ವರ್ಷ ಹೇಳುತ್ತಲೂ ಇರಲಿಲ್ಲ.

ಮೂರನೆಯ ದಿನ

ಗುಂಪಿನವರೆಲ್ಲ ಹೆಚ್ಚಿನ ದುಡ್ಡು ಕಟ್ಟಿ ಕಾರ್ಲೋವಿ ವಾರಿಯ ಬಿಸಿನೀರಿನ ಬುಗ್ಗೆ ನೋಡಲು ಹೊರಟರು. ನಾವು ಉಳಿದುಕೊಂಡೆವು. ಕೊರಳಲ್ಲಿ ರೇಡಿಯೋ ಇಲ್ಲದೆ ಊರು ಎಷ್ಟು ನಿಶ್ಶಬ್ದ ಅನ್ನಿಸಿತು.

ಇವರಿಗೆ ಟೈಕೊ ಬ್ರಾಹೆಯ ಗೋರಿ ನೋಡಬೇಕಿತ್ತು. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಗ್ರಹಗಳನ್ನು ಅಳೆದ ಡೆನ್ಮಾರ್ಕಿನವನು. ಆ ಅಳತೆಗಳಿಂದಲೇ ಕೆಪ್ಲರ್ ಗ್ರಹಗಳ ದಾರಿ ಅಂಡಾಕಾರ ಎಂದು ಕಂಡುಕೊಂಡದ್ದು. ಹಳೇ ಪೇಟೆಯ ಟೀನ್ ಚರ್ಚಿನಲ್ಲಿ ಕೆಂಪು ಕಲ್ಲಿನ ಚಪ್ಪಡಿಯ ಮೇಲೆ ಅವನ ಆಳೆತ್ತರದ ಕೆತ್ತನೆ ಇದೆ. 1601ರಲ್ಲಿ ದೊಡ್ಡವರ ಮನೆಯ ಔತಣದಲ್ಲಿ, ನಡುವೆ ಏಳುವುದು ಮರ್ಯಾದೆಯಲ್ಲ ಅಂತ ಮೂತ್ರ ಕಟ್ಟಿಕೊಂಡು ಕೂತು, ಕಾಯಿಲೆ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡ. ಯಾರೋ ಪಾದರಸ ಹಾಕಿ ಕೊಂದರು ಎಂಬ ಗುಮಾನಿಯೂ ಇತ್ತು. 2010ರಲ್ಲಿ ಗೋರಿ ತೆಗೆದು ಪರೀಕ್ಷಿಸಿದರು. ಕೊಲ್ಲುವಷ್ಟು ಪಾದರಸವಿರಲಿಲ್ಲ. ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತು, ನಾಣ್ಯ ಹಾಕಿದರಷ್ಟೇ ಬಾಗಿಲು ತೆರೆಯುವ ಶೌಚಾಲಯ ಹುಡುಕುವ ನಮ್ಮಂಥವರಿಗೆ ಇವನು ಕುಲದೇವರು. ಇಬ್ಬರೂ ಕೈ ಮುಗಿದೆವು.

ಅಲ್ಲಿಂದ ನಡೆದೇ ಯಹೂದಿಗಳ ಕೇರಿಗೆ ಹೋದೆವು. ಪಿಂಕಾಸ್ ಸಿನಗಾಗ್ ಎಂಬ ಅವರ ಪ್ರಾರ್ಥನಾ ಮಂದಿರದಲ್ಲಿ ವಿಗ್ರಹವಿಲ್ಲ, ಚಿತ್ರವಿಲ್ಲ. ಗೋಡೆ ತುಂಬ ಹೆಸರು. ನಾಜಿಗಳು ಕೊಂದ ಬೊಹೇಮಿಯಾ, ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳನ್ನು ಕೈಯಲ್ಲೇ ಬರೆದಿದ್ದಾರೆ. ಮನೆತನದ ಹೆಸರು ಕೆಂಪಿನಲ್ಲಿ, ಆಮೇಲೆ ಒಬ್ಬೊಬ್ಬರದು ಕಪ್ಪಿನಲ್ಲಿ, ಹುಟ್ಟಿದ ತಾರೀಖು ಸಮೇತ. ಹಾಜರಿ ಪುಸ್ತಕ ಓದಿ ಅಭ್ಯಾಸವಾದ ಕಣ್ಣು, ಸಾಲು ಹಿಡಿದು ಓದಿಕೊಂಡು ಹೋದೆ. ಎರಡು ಗೋಡೆಯಾದ ಮೇಲೆ ಆಗಲಿಲ್ಲ. ಮಹಡಿಯಲ್ಲಿ ತೆರೆಜಿನ್ ಸೆರೆಯಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಮನೆ, ಚಿಟ್ಟೆ, ರೈಲು. ಎಲ್ಲ ಊರಿನ ನಾಲ್ಕನೇ ಕ್ಲಾಸಿನ ಮಕ್ಕಳೂ ಬಿಡಿಸುವಂಥವೇ.

ಸಂಜೆ ಇವರು ಹೆಚ್ಚು ಮಾತಾಡಲಿಲ್ಲ. ನಾನೂ.

ನಾಲ್ಕನೆಯ ದಿನ

ಪೂರ್ತಿ ಬಸ್ಸು. ವಿಯೆನ್ನಾಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಡ್ರೈವರು ನಾಲ್ಕೂವರೆ ಗಂಟೆಗಿಂತ ಹೆಚ್ಚು ಒಂದೇ ಸಮ ಓಡಿಸುವಂತಿಲ್ಲ, ಮುಕ್ಕಾಲು ಗಂಟೆ ವಿರಾಮ ಕಡ್ಡಾಯ. ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ. ಸೂರತ್‌ನ ಒಬ್ಬರು “ಇಪ್ಪತ್ತು ಯೂರೋ ಕೊಟ್ಟರೆ?” ಎಂದು ಕೇಳಿ ನೋಡಿದರು. ಡ್ರೈವರು ನಕ್ಕು, ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದ. ನಮ್ಮ ಲೈನ್‌ಮನ್‌ಗಳಿಗೂ ಇಂಥದ್ದೊಂದು ಯಂತ್ರ ಇರಬೇಕಿತ್ತು ಅಂತ ಇವರು ದಾರಿಯುದ್ದಕ್ಕೂ ಹೇಳಿದರು. ರಾತ್ರಿ ಊಟ ಮತ್ತೆ ಪನೀರು, ದಾಲ್ ಮಖನಿ, ಗುಲಾಬ್ ಜಾಮೂನು. ಯಾವ ದೇಶಕ್ಕೆ ಹೋದರೂ ಇದೇ ಊಟ, ಇದೇ ಉಪ್ಪು. ನನ್ನ ಚಟ್ನಿಪುಡಿ ಡಬ್ಬಿಗೆ ಪುಣೆಯವರೂ ಕೈ ಹಾಕಿದರು.

ಐದನೆಯ ದಿನ, ವಿಯೆನ್ನಾ

ಶೋನ್‌ಬ್ರುನ್ ಅರಮನೆಗೆ 1,441 ಕೋಣೆಗಳು. ನಮಗೆ ದಕ್ಕಿದ್ದು ಅದರಲ್ಲೊಂದು ಚೂರು. ಇಲ್ಲಿದ್ದ ರಾಣಿ ಮರಿಯಾ ತೆರೇಸಾಗೆ ಹದಿನಾರು ಮಕ್ಕಳು. ಆರು ವರ್ಷದ ಮೊಜಾರ್ಟ್ 1762ರಲ್ಲಿ ಅವಳ ಮುಂದೆ ಇಲ್ಲಿ ನುಡಿಸಿದ. ಚಿನ್ನದ ಬಳ್ಳಿ, ಕನ್ನಡಿ, ಚೀನಾದ ಅರಗಿನ ಗೋಡೆ, ಎಲ್ಲ ಅರ್ಧ ಗಂಟೆಯಲ್ಲಿ ಬೆರೆತು ಹೋಯಿತು. ನೆನಪಿರುವುದು ಫ್ರಾನ್ಸ್ ಜೋಸೆಫ್ ಚಕ್ರವರ್ತಿಯ ಮಲಗುವ ಕೋಣೆ. 68 ವರ್ಷ ಆಳಿದವನಿಗೆ ಒಂದು ಸಾದಾ ಕಬ್ಬಿಣದ ಮಂಚ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಫೈಲು ನೋಡುತ್ತಿದ್ದನಂತೆ. 1916ರಲ್ಲಿ ಅದೇ ಮಂಚದಲ್ಲಿ ಸತ್ತ. “ಪಾಪ, ಗುಮಾಸ್ತನ ಬಾಳು” ಅಂದರು ಇವರು.

ಅಲ್ಲಿಂದ ರಿಂಗ್ ರಸ್ತೆ. ಹಳೆಯ ಕೋಟೆ ಗೋಡೆಯನ್ನು ಕೆಡವಲು 1857ರಲ್ಲಿ ಇದೇ ದೊರೆ ಅಪ್ಪಣೆ ಕೊಟ್ಟು, ಆ ಜಾಗದಲ್ಲಿ ಹಾಕಿಸಿದ ದುಂಡು ರಸ್ತೆ. ಒಪೆರಾ ಭವನ ‘ಬಸ್ಸಿನಿಂದ’. ಆದರೆ ಕೆಂಪು ದೀಪ ಬಿದ್ದು ಬಸ್ಸು ಅದರ ಮುಂದೆಯೇ ನಿಂತಿತು. ವಿಯೆನ್ನಾದ ಗೈಡ್ ಎಳೆಯ ಹುಡುಗ, ಕಥೆ ಹೇಳುವ ಉಮೇದಿನವನಲ್ಲ. ಒಣ ದನಿಯಲ್ಲಿ ಹೇಳಿದ: ಇದನ್ನು ಕಟ್ಟಿದವರು ವಾನ್ ಡೆರ್ ನ್ಯೂಲ್ ಮತ್ತು ಸಿಕಾರ್ಡ್ಸ್‌ಬರ್ಗ್ ಎಂಬ ಇಬ್ಬರು. ಕೆಲಸ ನಡೆಯುತ್ತಿರುವಾಗಲೇ ಮುಂದಿನ ರಸ್ತೆಯನ್ನು ಒಂದು ಮೀಟರ್ ಎತ್ತರಿಸಿದರು. ಕಟ್ಟಡ ನೆಲದಲ್ಲಿ ಹೂತಂತೆ ಕಂಡಿತು. ‘ಮುಳುಗಿದ ಪೆಟ್ಟಿಗೆ’ ಎಂದು ಊರೆಲ್ಲ ಆಡಿಕೊಂಡಿತು. ವಾನ್ ಡೆರ್ ನ್ಯೂಲ್ 1868ರಲ್ಲಿ ನೇಣು ಹಾಕಿಕೊಂಡ. ಹತ್ತು ವಾರದೊಳಗೆ ಇನ್ನೊಬ್ಬನೂ ಕಾಯಿಲೆಯಿಂದ ತೀರಿಕೊಂಡ. ಮರುವರ್ಷ ಭವನ ತೆರೆಯಿತು. ಆಮೇಲೆ ಚಕ್ರವರ್ತಿ ಯಾವ ಹೊಸ ಕಟ್ಟಡ ತೋರಿಸಿದರೂ “ಬಹಳ ಚೆನ್ನಾಗಿದೆ, ನನಗೆ ಸಂತೋಷವಾಯಿತು” ಎಂದಷ್ಟೇ ಹೇಳುತ್ತಿದ್ದನಂತೆ.

ಹಸಿರು ದೀಪ ಬಿತ್ತು. ಬಸ್ಸು ಹೊರಟಿತು.

“ಇದು ಕಥೆಯೋ, ನಿಜವೋ?” ಅಂದರು ಇವರು. ನಿಜ. ಪ್ರಾಗ್‌ನಲ್ಲಿ ಸುಳ್ಳು ಕಥೆಗೆ ಅಯ್ಯೋ ಎಂದ ಬಸ್ಸಿನಲ್ಲಿ ಈ ನಿಜಕ್ಕೆ ಯಾರೂ ತಲೆಯೆತ್ತಲಿಲ್ಲ. ಎಲ್ಲರೂ ಮೊಜಾರ್ಟ್ ಚಾಕೊಲೇಟಿನ ಬೆಲೆ ಹೋಲಿಸುತ್ತಿದ್ದರು.

ಮಧ್ಯಾಹ್ನ ಸಂತ ಸ್ಟೀಫನ್ನನ ಚರ್ಚು. ಇಪ್ಪತ್ತು ನಿಮಿಷ. ಬಣ್ಣದ ಹೆಂಚಿನ ಚಾವಣಿ, 136 ಮೀಟರಿನ ಗೋಪುರ, ಎಲ್ಲ ಹೊರಗಿನಿಂದಲೇ ನೋಡಿಸಿ ಗೈಡ್ ಬಿಟ್ಟುಬಿಟ್ಟ. ನಾವಿಬ್ಬರೂ ಟಿಕೆಟ್ ಕೊಂಡು ಒಳಗೆ ನುಗ್ಗಿದೆವು. ಎಡಗಡೆ ಕಂಬಕ್ಕೆ ಅಂಟಿದಂತೆ ಕಲ್ಲಿನ ಉಪದೇಶ ಪೀಠ, ಐನೂರು ವರ್ಷಕ್ಕೂ ಹಳೆಯದು. ಕಲ್ಲನ್ನು ಹೀಗೆ ಜಾಲರಿ ಮಾಡಿದ್ದನ್ನು ನಾನು ನಮ್ಮ ಹೊಯ್ಸಳರ ಕೆಲಸದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ನಮ್ಮದು ಬಳಪದ ಕಲ್ಲು, ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವಂಥದ್ದು. ಇಲ್ಲಿನದು ಮರಳುಗಲ್ಲು.

ಪೀಠದ ಮೆಟ್ಟಿಲ ಕೆಳಗೆ ಪುಟ್ಟ ಕಿಟಕಿ. ಕಿಟಕಿಯಿಂದ ಒಬ್ಬ ಅರ್ಧ ಮೈ ಹೊರಚಾಚಿ ನೋಡುತ್ತಿದ್ದಾನೆ, ಕೈಯಲ್ಲಿ ಕೈವಾರ. ಪೀಠ ಕೆತ್ತಿದವನು ತನ್ನನ್ನೇ ಹೀಗೆ ಕೆತ್ತಿಕೊಂಡ ಎನ್ನುತ್ತಾರೆ. ಆಂಟನ್ ಪಿಲ್‌ಗ್ರಾಮ್ ಎಂದು ಬಹುಕಾಲ ನಂಬಿದ್ದರು, ಈಗ ವಿದ್ವಾಂಸರಲ್ಲಿ ತಕರಾರಿದೆ. ಹೆಸರು ಯಾವುದಾದರೂ ಇರಲಿ, ಮುಖ ಮಾತ್ರ ದಣಿದದ್ದು. ಮಧ್ಯಾಹ್ನ ಮೂರರ ಹೊತ್ತಿಗೆ ಕೆಲಸದ ಜಾಗದಿಂದ ಇಣುಕಿ ಟೀ ಬಂತಾ ಎಂದು ನೋಡುವ ಮೇಸ್ತ್ರಿಯ ಮುಖ.

ನಾನು ಅವನನ್ನೇ ನೋಡುತ್ತಿದ್ದೆ. ಇವರು ಮೆಟ್ಟಿಲ ಕಟಾಂಜನದ ಮೇಲೆ ಬಗ್ಗಿದ್ದವರು, “ಏ, ಬಾರೇ ಇಲ್ಲಿ!” ಎಂದು ಕನ್ನಡದಲ್ಲಿ ಕೂಗಿದರು. ಚರ್ಚೆಲ್ಲ ತಿರುಗಿ ನೋಡಿತು. ಕಟಾಂಜನದ ಉದ್ದಕ್ಕೂ ಹಲ್ಲಿ, ಕಪ್ಪೆ. ಕಲ್ಲಿನ ಕಪ್ಪೆಗಳು ಒಂದನ್ನೊಂದು ಕಚ್ಚಿಕೊಂಡು ಮೇಲಕ್ಕೆ ಹತ್ತುತ್ತಿವೆ. ತುದಿಯಲ್ಲೊಂದು ನಾಯಿ ತಡೆದು ನಿಂತಿದೆ. ಪಾಪಗಳು ಉಪದೇಶ ಮಾಡುವವನ ತನಕ ಹತ್ತದಂತೆ ಕಾವಲು.

“ನೋಡಿದ್ಯಾ! ನಮ್ಮದು ಹಾರಿ ಇಲ್ಲಿಗೆ ಬಂದಿದೆ” ಅಂದರು.

ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟೆ. ಕಪ್ಪೆಗಳನ್ನು ಎಣಿಸಲು ಹೋಗಿ ಎರಡು ಸಲ ತಪ್ಪಿತು. ಬಸ್ಸಿನ ಹತ್ತಿರ ಬಂದಾಗ ಹದಿನೇಳು ನಿಮಿಷ ತಡ. ಮೂವತ್ತಾರು ಜನ ಕಿಟಕಿಯಿಂದ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹಳೇಬೀಡಿನಲ್ಲಿ ಐಸ್‌ಕ್ಯಾಂಡಿ ತಿನ್ನಲು ಹೋಗಿ ತಡವಾಗಿ ಬಂದ ಹುಡುಗರನ್ನು ನಾನು ಹಾಗೆಯೇ ನೋಡುತ್ತಿದ್ದೆ. ದಂಡವಾಗಿ ಸಂಜೆ ಎಲ್ಲರಿಗೂ ಕಾಫಿ ಕೊಡಿಸುವುದಾಗಿ ಇವರು ಘೋಷಿಸಿ, ಬೆಲೆ ನೋಡಿದ ಮೇಲೆ ಬಿಸ್ಕತ್ತಿಗೆ ಇಳಿದರು. ನಾವಿಬ್ಬರು ಮಾತ್ರ ಕುಡಿದೆವು. ಬೆಳ್ಳಿ ಬಣ್ಣದ ತಟ್ಟೆ, ಪಕ್ಕದಲ್ಲೊಂದು ಲೋಟ ನೀರು. ಒಂದು ಕಪ್ಪು ಹಿಡಿದು ಎಷ್ಟು ಹೊತ್ತು ಕೂತರೂ ಏಳಿ ಅನ್ನುವವರಿಲ್ಲ. ಕಾಫಿ? ನಮ್ಮ ಹಾಸನದ ಫಿಲ್ಟರ್ ಕಾಫಿಯ ಮುಂದೆ ನಿಲ್ಲುವುದಿಲ್ಲ. ನೀರು ಮಾತ್ರ ಬಹಳ ರುಚಿ. 1873ರಿಂದ ಆಲ್ಪ್ಸ್ ಬೆಟ್ಟದ ಊಟೆಗಳಿಂದ ನೇರವಾಗಿ ಬರುವ ನೀರಂತೆ.

ಆರನೆಯ ದಿನ

ಬ್ರಾಟಿಸ್ಲಾವಾ ನೋಡಲು ನಮಗೆ ಕೊಟ್ಟದ್ದು ಎರಡು ಗಂಟೆ. ಸ್ಲೊವಾಕಿಯಾದ ರಾಜಧಾನಿ, ವಿಯೆನ್ನಾದಿಂದ ಒಂದು ಗಂಟೆಯ ದಾರಿ. ಟರ್ಕರು ರಾಜಧಾನಿ ಬುಡಾ ಹಿಡಿದಿದ್ದರಿಂದ ಹಂಗೆರಿಯ ದೊರೆಗಳಿಗೆ 1563ರಿಂದ 1830ರ ತನಕ ಇಲ್ಲಿನ ಸಂತ ಮಾರ್ಟಿನ್ ಚರ್ಚಿನಲ್ಲೇ ಪಟ್ಟ ಕಟ್ಟುತ್ತಿದ್ದರು. ಗುಡ್ಡದ ಮೇಲಿನ ಕೋಟೆ ಮಗುಚಿಟ್ಟ ಮೇಜಿನ ಹಾಗಿದೆ. ಇಷ್ಟೆಲ್ಲ ಇದ್ದೂ ಜನ ಮುಗಿಬಿದ್ದದ್ದು ರಸ್ತೆಯ ಮ್ಯಾನ್‌ಹೋಲ್‌ನಿಂದ ತಲೆ ಹೊರಹಾಕಿ ಗದ್ದಕ್ಕೆ ಕೈಯಿಟ್ಟುಕೊಂಡಿರುವ ಕಂಚಿನ ಮನುಷ್ಯನ ಜತೆ ಫೋಟೋಗೆ. ಚುಮಿಲ್ ಅಂತ ಹೆಸರು, 1997ರಲ್ಲಿ ಇಟ್ಟದ್ದು. ಗಾಡಿಗಳು ಗುದ್ದಬಾರದು ಅಂತ ಪಕ್ಕದಲ್ಲೊಂದು ಎಚ್ಚರಿಕೆಯ ಫಲಕವೂ ಇದೆ. ಇವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಇವನು ನಮ್ಮ ಇಲಾಖೆಯವನು. ಕೇಬಲ್ ಫಾಲ್ಟ್ ಹುಡುಕ್ತಿದಾನೆ” ಎಂದು ಅವನ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ಈ ಪ್ರವಾಸದಲ್ಲಿ ಇವರು ಹಲ್ಲು ಕಾಣುವಂತೆ ನಕ್ಕ ಒಂದೇ ಫೋಟೋ ಅದು.

ಸಂಜೆಗೆ ಬುಡಾಪೆಸ್ಟ್. ಡ್ಯಾನ್ಯೂಬಿನ ಆಚೆ ಬುಡಾ, ಈಚೆ ಪೆಸ್ಟ್, ಜತೆಗೆ ಹಳೆಯ ಬುಡಾ. ಮೂರೂ ಸೇರಿ ಒಂದು ಊರಾದದ್ದು 1873ರಲ್ಲಿ. ಕತ್ತಲಾದ ಮೇಲೆ ದೋಣಿ. ಪಾರ್ಲಿಮೆಂಟು, ಸೇತುವೆಗಳು, ಗುಡ್ಡದ ಅರಮನೆ ಎಲ್ಲಕ್ಕೂ ಒಟ್ಟಿಗೇ ದೀಪ ಹತ್ತಿಕೊಂಡಾಗ ಗುಂಪಿನಲ್ಲಿ ಮೊದಲ ಬಾರಿಗೆ ಯಾರೂ ಮಾತಾಡಲಿಲ್ಲ. ದಸರೆಯಲ್ಲಿ ಮೈಸೂರು ಅರಮನೆಗೆ ದೀಪ ಹಾಕಿದಾಗ ಜನ ಒಂದು ಕ್ಷಣ ಉಸಿರು ಹಿಡಿಯುತ್ತಾರಲ್ಲ, ಹಾಗೆ. ಇವರು ಲೋಡು ಎಷ್ಟಿರಬಹುದು ಎಂದು ಬೆರಳು ಮಡಿಸತೊಡಗಿದರು.

ಏಳನೆಯ ದಿನ, ಬುಡಾಪೆಸ್ಟ್

ಬೆಳಿಗ್ಗೆ ಎಟಿಎಮ್ಮಿನಿಂದ ಹತ್ತು ಸಾವಿರದ ಒಂದು ನೋಟು ಬಂದದ್ದೇ ಇವರು ದೊರೆಯಂತೆ ನಡೆಯತೊಡಗಿದರು. ಫೊರಿಂಟು. ಇಬ್ಬರ ಊಟಕ್ಕೆ ಸಾಲಲಿಲ್ಲ.

ಇಲ್ಲಿನ ಗೈಡ್ ನಮ್ಮ ವಯಸ್ಸಿನ ಗಂಡಸು, ನಿವೃತ್ತ ಮೇಷ್ಟ್ರಂತೆ. ನಮಗಿಬ್ಬರಿಗೂ ಕೂಡಲೇ ಹೊಂದಿಕೆಯಾಯಿತು. ಬಸ್ಸಿನಲ್ಲಿ ಅವರು ತಮ್ಮ ಭಾಷೆ ಸುತ್ತಲಿನ ಯಾವ ದೇಶದ ಭಾಷೆಗೂ ನೆಂಟನಲ್ಲ ಎಂದು ವಿವರಿಸಿದರು. ‘ಹಾಜ್’ ಅಂದರೆ ಮನೆ, ‘ಹಾಜಕ್’ ಮನೆಗಳು, ‘ಹಾಜಕ್‌ಬನ್’ ಮನೆಗಳಲ್ಲಿ. ನಾನು ಸೀಟಿನಿಂದ ಎದ್ದೇಬಿಟ್ಟೆ. ಮನೆ, ಮನೆಗಳು, ಮನೆಗಳಲ್ಲಿ! ಪ್ರಕೃತಿ, ಬಹುವಚನ, ವಿಭಕ್ತಿ, ಒಂದರ ಹಿಂದೊಂದು, ರೈಲಿನ ಡಬ್ಬಿ ಜೋಡಿಸಿದ ಹಾಗೆ. ಇಂಗ್ಲಿಷಿನವರಿಗೆ ಮೂರು ಬೇರೆ ಪದ ಬೇಕಾದದ್ದು ಇಬ್ಬರಿಗೂ ಒಂದೇ ಪದದಲ್ಲಿ ಆಗುತ್ತದೆ. ಹೆಸರಿಡುವುದೂ ಹಾಗೆಯೇ. ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ನಮ್ಮಲ್ಲಿ ಊರು, ಅಪ್ಪನ ಹೆಸರು ಮುಂದೆ ನಿಂತು ನಮ್ಮ ಹೆಸರು ಕೊನೆಗೆ ಬರುವ ಹಾಗೆ. ಮಾರುಕಟ್ಟೆಯಲ್ಲಿ ಪಾಪ್ರಿಕಾ ಮೆಣಸಿನಕಾಯಿಯ ಹಾರಗಳು. ಬಣ್ಣ ಥೇಟ್ ಬ್ಯಾಡಗಿ, ಖಾರ ಅದಕ್ಕಿಂತಲೂ ಕಡಿಮೆ. ಅರ್ಧ ಕಿಲೋ ಪುಡಿ ಕೊಂಡೆ.

ಚೈನ್ ಬ್ರಿಜ್ ತಲುಪಿದೆವು. 1849ರಲ್ಲಿ ತೆರೆದದ್ದು, 1945ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನರು ಸಿಡಿಸಿದ್ದು, ಮತ್ತೆ ಕಟ್ಟಿ ನೂರು ವರ್ಷ ತುಂಬುವ ಹೊತ್ತಿಗೆ 1949ರಲ್ಲಿ ತೆರೆದದ್ದು. ಎರಡು ತುದಿಗೂ ಎರಡೆರಡು ಕಲ್ಲಿನ ಸಿಂಹ, ಬಾಯಿ ತೆರೆದು ಮಲಗಿವೆ. ಮೇಷ್ಟ್ರು ಶುರು ಮಾಡಿದರು: ಸಿಂಹಗಳನ್ನು ಕೆತ್ತಿದವನು ಮಾರ್ಷಲ್ಕೊ ಯಾನೋಶ್. ಊರೆಲ್ಲ ಸೇರಿ ಹೊಗಳುತ್ತಿದ್ದಾಗ ಚಮ್ಮಾರನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಕೂಗಿದ, “ಸಿಂಹಕ್ಕೆ ನಾಲಿಗೆಯೇ ಇಲ್ಲ!” ಶಿಲ್ಪಿ ಅವಮಾನ ತಾಳದೆ ಡ್ಯಾನ್ಯೂಬಿಗೆ ಹಾರಿದ.

ನಾನೂ ಇವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಡುಗ, ಕಲ್ಲು, ತಪ್ಪು, ಸೋತ ಶಿಲ್ಪಿ. ಕಪ್ಪೆಯ ಬದಲು ನಾಲಿಗೆ.

ಮೇಷ್ಟ್ರು ಬೆರಳೆತ್ತಿದರು. “ಸುಳ್ಳು. ನಾಲಿಗೆ ಇದೆ, ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಮಾರ್ಷಲ್ಕೊ ಹಾರಲೂ ಇಲ್ಲ, ಇದಾಗಿ ಇಪ್ಪತ್ತೈದು ವರ್ಷ ಬದುಕಿದ್ದ.”

ನಾನು ಅವರಿಗೆ ಜಕಣಾಚಾರಿಯ ಕಥೆ ಹೇಳಿದೆ. ನಡೆಯುತ್ತಲೇ, ನನ್ನ ಹರಕು ಇಂಗ್ಲಿಷಿನಲ್ಲಿ. ಕೊರಳ ರೇಡಿಯೋದಲ್ಲಿ ಅವರ ಮೈಕ್ ಆನ್ ಇದ್ದದ್ದರಿಂದ ಅದು ಮೂವತ್ತೆಂಟು ಜನರ ಕಿವಿಗೂ ಹೋಯಿತು ಎಂದು ಆಮೇಲೆ ತಿಳಿಯಿತು. ಪುಣೆಯ ಅಜ್ಜಿ ಬಂದು ನನ್ನ ಕೈ ಹಿಡಿದು, “ಕೈ ವಾಪಸ್ ಬಂತಲ್ಲ, ಅದು ಚೆನ್ನಾಗಿದೆ” ಅಂದರು. ಮೇಷ್ಟ್ರು ಯೋಚಿಸುತ್ತ ಕೇಳಿದರು, “ನಿಮ್ಮ ಕಥೆಯಲ್ಲಿ ತ‍ಪ್ಪು ಹಿಡಿದವನು ಅವನ ಮಗನೇ. ನಮ್ಮಲ್ಲಿ ದಾರಿಹೋಕ ಹುಡುಗ. ನಿಮ್ಮ ಶಿಲ್ಪಿಗೆ ಸೋತದ್ದರಲ್ಲೂ ಸ್ವಲ್ಪ ಸಂತೋಷ ಇದ್ದಿರಬೇಕು, ಅಲ್ಲವೇ?” ಮೂವತ್ತೊಂದು ವರ್ಷ ಪಾಠ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ.

ಪಾರ್ಲಿಮೆಂಟು ‘ಒಳಗಿನಿಂದ’. 691 ಕೋಣೆ, ನದಿಯುದ್ದಕ್ಕೆ 268 ಮೀಟರ್, ಒಳಗಿನ ಅಲಂಕಾರಕ್ಕೆ ಸುಮಾರು 40 ಕಿಲೋ ಚಿನ್ನ. ಗುಮ್ಮಟ 96 ಮೀಟರ್, ಹಂಗೆರಿಯವರ ಪೂರ್ವಿಕರಾದ ಮಗ್ಯಾರರು ಈ ನೆಲಕ್ಕೆ ಬಂದರೆನ್ನುವ 896ರ ನೆನಪಿಗೆ. ಸಭಾಂಗಣದ ಹೊರಗೆ ಹಿತ್ತಾಳೆಯ ಚುಟ್ಟಾ ಕಟ್ಟೆಗಳಿವೆ, ಒಂದೊಂದು ಗುಂಡಿಗೂ ನಂಬರು. ಸದಸ್ಯರು ಸೇದುತ್ತಿದ್ದ ಚುಟ್ಟಾ ಅಲ್ಲಿಟ್ಟು ಒಳಗೆ ಹೋಗುತ್ತಿದ್ದರು. ಭಾಷಣ ಚೆನ್ನಾಗಿದ್ದರೆ ಅದು ಉರಿದು ಬೂದಿಯಾಗುತ್ತಿತ್ತು. ಇದನ್ನು ನಮ್ಮಲ್ಲಿ ತಂದರೆ ಯಾರ ಚುಟ್ಟಾವೂ ಕಾಲು ಭಾಗ ದಾಟಲಿಕ್ಕಿಲ್ಲ ಎಂದುಕೊಂಡೆ.

ಇದನ್ನು ಕಟ್ಟಿದ ಸ್ಟೈಂಡ್ಲ್ ಇಮ್ರೆಯ ವಿಷಯ ಮೇಷ್ಟ್ರು ಕೊನೆಗೆ ಹೇಳಿದರು. ಹದಿನೇಳು ವರ್ಷ ಇದೇ ಕೆಲಸ. ಮುಗಿಯುವ ಮೊದಲೇ ಕಣ್ಣು ಹೋಯಿತು. 1902ರಲ್ಲಿ ಸದಸ್ಯರು ಒಳಗೆ ಬರುವುದಕ್ಕೆ ಕೆಲವೇ ವಾರ ಮುಂಚೆ ತೀರಿಕೊಂಡ.

“ಇದು?” ಅಂದೆ.

“ಇದು ನಿಜ. ಯಾರೂ ಅವನ ಕಣ್ಣು ಕೀಳಲಿಲ್ಲ” ಅಂದರು ಮೇಷ್ಟ್ರು.

ಇವರು ಬಹಳ ಹೊತ್ತು ಗುಮ್ಮಟ ನೋಡುತ್ತ ನಿಂತರು. ಆಮೇಲೆ, “ಕೆಂಗಲ್ ಹನುಮಂತಯ್ಯನವರೂ ವಿಧಾನಸೌಧ ಮುಗಿಯೋ ಹೊತ್ತಿಗೆ ಮುಖ್ಯಮಂತ್ರಿ ಆಗಿರಲಿಲ್ಲ ಅಲ್ವೇನೇ?” ಅಂದರು. ಹೌದು. 1956ರಲ್ಲಿ ರಾಜೀನಾಮೆ ಕೊಟ್ಟಾಗ ಕಟ್ಟಡ ಇನ್ನೇನು ಮುಗಿಯುವುದರಲ್ಲಿತ್ತು.

ಪಾರ್ಲಿಮೆಂಟಿನಿಂದ ನದಿದಂಡೆಯಲ್ಲಿ ಸ್ವಲ್ಪ ನಡೆದರೆ ಕಲ್ಲುಕಟ್ಟೆಯ ಅಂಚಿನಲ್ಲಿ ಕಬ್ಬಿಣದ ಚಪ್ಪಲಿಗಳು. ಅರವತ್ತು ಜೊತೆ, 2005ರಲ್ಲಿ ಇಟ್ಟದ್ದು. ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಚಪ್ಪಲಿ, ಮಕ್ಕಳವು. 1944ರ ಚಳಿಗಾಲದಲ್ಲಿ ಇಲ್ಲಿನ ಫ್ಯಾಸಿಸ್ಟ್ ದಂಡು ಯಹೂದಿಗಳನ್ನು ದಂಡೆಗೆ ತಂದು, ಚಪ್ಪಲಿ ಬಿಡಿಸಿ, ಗುಂಡು ಹೊಡೆದು ನದಿಗೆ ಕೆಡವಿತು. ಚಪ್ಪಲಿಗೆ ಬೆಲೆಯಿತ್ತು. ಇಲ್ಲಿ ಮೇಷ್ಟ್ರು ಮೈಕ್ ಆರಿಸಿದರು. ‘ಸುಳ್ಳು’ ಎಂದು ಬೆರಳೆತ್ತಲಿಲ್ಲ. ಯಾರೋ ಒಂದು ಪುಟ್ಟ ಬೂಟಿನೊಳಗೆ ಮಿಠಾಯಿ ಇಟ್ಟು ಹೋಗಿದ್ದರು. ನಮ್ಮ ಗುಂಪಿನಲ್ಲಿ ಕೆಲವರು, ಯಾರೂ ಹೇಳದೆಯೇ, ತಮ್ಮ ಚಪ್ಪಲಿ ಬಿಟ್ಟು ನಿಂತರು. ದೇವಸ್ಥಾನದ ಅಭ್ಯಾಸ.

ಎಂಟನೆಯ ದಿನ, ಆಮೇಲೆ ಇನ್ನೊಂದು

ವಿಮಾನ ನಿಲ್ದಾಣದಲ್ಲಿ ಪಾಪ್ರಿಕಾ ಪುಡಿಯ ಪೊಟ್ಟಣವನ್ನು ಮೂರು ಸಲ ಮೂಸಿ ನೋಡಿ ವಾಪಸ್ ಕೊಟ್ಟರು. ಅದು ಸಾರಿಗೆ ಆಗಲಿಲ್ಲ. ಉಪ್ಪಿಟ್ಟಿನ ಮೇಲೆ ಉದುರಿಸಿಕೊಂಡು ಮುಗಿಸಿದೆವು.

ಬಂದು ಮೂರನೇ ಭಾನುವಾರ ಬೇಲೂರಿಗೆ ಹೋದೆವು. ಇವರದೇ ಒತ್ತಾಯ, ಕೈಯಲ್ಲಿ ಟಾರ್ಚು ಬೇರೆ. ಮದನಿಕೆಯರ ಪೀಠದ ಅಕ್ಷರಗಳನ್ನು ಬೆಳಕು ಓರೆಯಾಗಿ ಬಿಟ್ಟು ಓದಲು ನೋಡಿದೆವು. ಕತ್ತು ನೋವು ಬಂದದ್ದೇ ಹೆಚ್ಚು. ಕಪ್ಪೆ ಚೆನ್ನಿಗರಾಯನ ಗುಡಿಯ ಹತ್ತಿರ ಯಾವುದೋ ಶಾಲೆಯ ಮಕ್ಕಳು, ನಡುವೆ ಗೈಡು. ಉಳಿ ತಾಗಿದ್ದು, ನೀರು ಚಿಮ್ಮಿದ್ದು, ಕಪ್ಪೆ ಹಾರಿದ್ದು, ಕೈ ಕಡಿದುಕೊಂಡದ್ದು. ಮಕ್ಕಳ ಬಾಯಿ ತೆರೆದೇ ಇತ್ತು.

“ಹೇಳೇ ಅವನಿಗೆ, ದಾಸೋಜನ ವಿಷಯ” ಎಂದು ಇವರು ಮೊಣಕೈಯಿಂದ ತಿವಿದರು. ನಾನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿದಳು. “ಸಾರ್, ಆ ಕಪ್ಪೆ ಆಮೇಲೆ ಎಲ್ಲಿಗೆ ಹೋಯ್ತು?”

ಗೈಡಿಗೆ ಉತ್ತರ ಹೊಳೆಯಲಿಲ್ಲ. ಹಿಂದಿನಿಂದ ಇವರು, ಟಾರ್ಚು ಆರಿಸುತ್ತ, “ವಿಯೆನ್ನಾಕ್ಕೆ” ಅಂದರು.